ಕಿರುಬೆರಳಿನ ಅಕ್ಷರಗಳು

ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನ ಒಂದು ಅಡ್ಡಗಲ್ಲಿಯಲ್ಲಿ ಹೊಸದಾಗಿ ಶುರುವಾಗಲಿದ್ದ ಕೆಫೆಗೆ ಮೆನು ಮಾಡಿಕೊಡುವ ಕೆಲಸ ನನಗೆ ಸಿಕ್ಕಿತ್ತು. ಕೆಫೆಯ ಒಡತಿಗೆ ಎಲ್ಲವೂ ಹಳೆಯದಾಗಿ ಕಾಣಬೇಕಿತ್ತು. ಹೊಸ ಗೋಡೆಗೆ ಸುಣ್ಣ ಉದುರಿದ ಹಾಗೆ ಬಣ್ಣ ಹೊಡೆಸಿದ್ದಳು, ಹೊಸ ಮೇಜುಗಳನ್ನು ಮರಳುಕಾಗದದಲ್ಲಿ ಉಜ್ಜಿಸಿ ಸವೆಸಿದ್ದಳು. "ಅಕ್ಷರಗಳೂ ಹಾಗೇ ಇರಲಿ ದೀದಿ. ಟೈಪ್‌ರೈಟರ್‌ದು, ಸವೆದದ್ದು, ಅಲ್ಲಲ್ಲಿ ಮಸಿ ಹಾರಿಹೋದದ್ದು," ಎಂದಳು ಹಿಂದಿಯಲ್ಲಿ.

ಅಂಥ ಫಾಂಟುಗಳಿಗೆ ಬರವಿಲ್ಲ. ಇಪ್ಪತ್ತು ವರ್ಷಗಳಿಂದ ಈ ಊರಿನಲ್ಲಿ ಗ್ರಾಫಿಕ್ ಡಿಸೈನ್ ಮಾಡಿಕೊಂಡಿರುವ ನನ್ನ ಕಂಪ್ಯೂಟರಿನಲ್ಲೇ ಹತ್ತು ಹನ್ನೆರಡಿವೆ. ಪತ್ತೇದಾರಿ ಪುಸ್ತಕದ ಮುಖಪುಟಕ್ಕೆ ಅವೇ ಬೇಕು, ಡಾರ್ಜಿಲಿಂಗ್ ಚಹಾದ ಡಬ್ಬಿಗೆ ಅವೇ ಬೇಕು. ಟೆಲಿಗ್ರಾಂ ನೋಡದೇ ಬೆಳೆದವರು ಟೆಲಿಗ್ರಾಂ ಥರದ ಮದುವೆ ಕಾಗದ ಮಾಡಿಸಲು ಬರುತ್ತಾರೆ, ಅವರಿಗೂ ಅವೇ. ನಾನು ಒಂದನ್ನು ಆರಿಸಿ, ಮೆನುವಿನ ಮೊದಲ ಪುಟ ಕೂರಿಸಿ, ಪ್ರಿಂಟ್ ತೆಗೆದು ಊಟದ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ.

ಹೊರಗೆ ಬಂದಾಗ ಅವ್ವ ಕನ್ನಡಕ ಏರಿಸಿಕೊಂಡು ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು.

"ಇದನ್ಯಾರು ಹೊಡದಾರ?"

"ಯಾರೂ ಹೊಡದಿಲ್ಲವಾ. ಫಾಂಟ್ ಅದು. ಕಂಪ್ಯೂಟರ್‌ದು."

"ಅದಕ್ಕ," ಎಂದಳು. "ಕಿರಿಬಟ್ಟ ಇಲ್ಲದವರು ಹೊಡದಂಗ ಐತಿ."

ನನಗೆ ಅರ್ಥವಾಗಲಿಲ್ಲ. ಅವಳು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಶಾಲೆಯ ಮಗುವಿಗೆ ಹೇಳುವ ಹಾಗೆ ಹೇಳಿದಳು. ಇಂಗ್ಲಿಷಿನ ಎ ಅಕ್ಷರವನ್ನು ಹೊಡೆಯುವುದು ಎಡಗೈಯ ಕಿರುಬೆರಳು. ಅದಕ್ಕೆ ಶಕ್ತಿ ಕಡಿಮೆ. ಹಾಗಾಗಿ ಯಾರೇ ಟೈಪ್ ಮಾಡಿದರೂ ಎ ಸ್ವಲ್ಪ ತೆಳ್ಳಗೇ ಬೀಳಬೇಕು. ತೋರುಬೆರಳಿನ ಅಕ್ಷರಗಳು ಕಪ್ಪಗೆ ಬೀಳಬೇಕು. ದೊಡ್ಡಕ್ಷರಕ್ಕೆ ಶಿಫ್ಟ್ ಪೂರ್ತಿ ಒತ್ತದಿದ್ದರೆ ಅದು ಸಾಲು ಬಿಟ್ಟು ಮೇಲೆ ಜಿಗಿಯಬೇಕು. ಫುಲ್‌ಸ್ಟಾಪ್ ಕಾಗದವನ್ನು ತೂತು ಮಾಡಬೇಕು. "ಇಲ್ಲಿ ನೋಡು, ಎಲ್ಲಾ ಇ ಒಂದ ನಮೂನಿ ಮುರದಾವು. ಅಚ್ಚು ಮುರದಿದ್ರ ಮುರದ ಬೀಳ್ತೈತಿ, ಖರೆ. ಆದ್ರ ಮಸಿ ಒಂದೊಂದು ಸಲ ಒಂದೊಂದು ನಮೂನಿ ಹತ್ತಬೇಕಲ್ಲ?" ಹಾಳೆಯನ್ನು ಮಡಚದೆ ಜೋಪಾನವಾಗಿ ಮೇಜಿನ ಮೇಲಿಟ್ಟಳು. "ಛಂದ ಮಾಡಿ. ಆದ್ರ ಇದರಾಗ ಮನಶ್ಯಾರಿಲ್ಲ."

ಅವ್ವ ಇಪ್ಪತ್ತೇಳು ವರ್ಷ ಸಿಯಾಲ್ದಾ ಸ್ಟೇಶನ್ನಿನ ಪಕ್ಕದ ರೈಲ್ವೆ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು. ಊರು ಧಾರವಾಡ. ಮದುವೆಗೆ ಮುಂಚೆ ಅಲ್ಲಿನ ಒಂದು ಟೈಪಿಂಗ್ ಕ್ಲಾಸಿನಲ್ಲಿ ಲೋವರ್, ಹೈಯರ್ ಎರಡೂ ಪಾಸು ಮಾಡಿದ್ದಳು. ಆಗ ಅದು ಗಂಡು ಬರುವ ತನಕ ಹೊತ್ತು ಕಳೆಯುವ ದಾರಿಯಾಗಿತ್ತು. ನನ್ನ ಅಪ್ಪ ಅದೇ ರೈಲ್ವೆ ಆಫೀಸಿನಲ್ಲಿ ಗುಮಾಸ್ತ. ನನಗೆ ಎಂಟು ವರ್ಷವಿದ್ದಾಗ ಅವನು ಜ್ವರ ಬಂದು ಹನ್ನೊಂದೇ ದಿನದಲ್ಲಿ ತೀರಿಕೊಂಡ. ಅನುಕಂಪದ ನೌಕರಿ ಎಂದು ಅವ್ವನಿಗೆ ಅಲ್ಲಿಯೇ ಕೆಲಸ ಕೊಟ್ಟರು. ನೌಕರಿ ಇಲ್ಲಿತ್ತು, ಆದ್ದರಿಂದ ನಾವೂ ಇಲ್ಲಿಯೇ ಉಳಿದೆವು. ಬಂಗಾಳಿ ಬಾರದ, ಮೂವತ್ತು ತುಂಬದ ಒಬ್ಬ ಹೆಂಗಸು ಮಗಳ ಕೈ ಹಿಡಿದುಕೊಂಡು ಈ ಊರಿನಲ್ಲಿ ಹೇಗೆ ಉಳಿದಳು ಎಂಬುದನ್ನು ನಾನು ಬಹಳ ವರ್ಷ ಯೋಚಿಸಲೇ ಇಲ್ಲ. ಮಕ್ಕಳು ಯೋಚಿಸುವುದಿಲ್ಲ.

ಆ ಮೆನುವನ್ನು ನಾನು ಅದೇ ಫಾಂಟಿನಲ್ಲಿ ಮುಗಿಸಿ ಕೊಟ್ಟೆ. ಕೆಫೆಯವಳಿಗೆ ಖುಷಿಯಾಯಿತು. ಆದರೆ ಅವ್ವನ ಮಾತು ತಲೆಯಿಂದ ಹೋಗಲಿಲ್ಲ. ಮುಂದೆ ಯಾವ ಮುಖಪುಟ ನೋಡಿದರೂ ಎ ಕಪ್ಪಗಿದೆಯೋ ತೆಳ್ಳಗಿದೆಯೋ ಎಂದು ನೋಡತೊಡಗಿದೆ. ಅವ್ವನ ಕೈಯ ಅಕ್ಷರಗಳಿಂದಲೇ ಒಂದು ಫಾಂಟ್ ಮಾಡಿದರೆ ಹೇಗೆ ಎಂದು ಒಂದು ದಿನ ಅನ್ನಿಸಿತು. ಒಂದೊಂದು ಅಕ್ಷರಕ್ಕೂ ಐದಾರು ರೂಪ ಇಟ್ಟು, ಬೆರಳಿನ ಭಾರಕ್ಕೆ ತಕ್ಕಂತೆ ಅವು ತಾವಾಗಿಯೇ ಬದಲಾಗುತ್ತಾ ಹೋಗುವ ಹಾಗೆ. ಕೇಳಿದಾಗ ಅವ್ವ ನಕ್ಕಳು. "ನಾ ಹೊಡದ ಕಾಗದ ಎಲ್ಲಿ ಅದಾವು? ಎಲ್ಲಾ ಆಫೀಸಿನ ಫೈಲಿನ್ಯಾಗ ಹೋದುವು. ಮಷೀನೂ ಹೋತು." ಅವಳು ನಿವೃತ್ತಳಾಗುವ ಮೊದಲೇ ಟೈಪ್‌ರೈಟರುಗಳನ್ನೆಲ್ಲ ಗುಜರಿಗೆ ಹಾಕಿದ್ದರು. ಕೊನೆಯ ಐದಾರು ವರ್ಷ ಅವಳೂ ಕಂಪ್ಯೂಟರಿನ ಮುಂದೆಯೇ ಕೂತಿದ್ದಳು.

ಆಮೇಲೆ, ಅಕ್ಕಿ ಆರಿಸುತ್ತಾ, ತಲೆಯೆತ್ತದೆ ಹೇಳಿದಳು. "ನಿಮ್ಮ ಚಿಗವ್ವನ ಕಡೆ ಇದ್ರ ಇರಬೇಕು ನೋಡು."

ಚಿಗವ್ವ ಎಂದರೆ ಅವಳ ತಂಗಿ. ಮದುವೆಯಾಗಲಿಲ್ಲ. ಧಾರವಾಡದಲ್ಲಿ ಪ್ರಾಥಮಿಕ ಶಾಲೆಯ ಟೀಚರಾಗಿದ್ದು ನಿವೃತ್ತಳಾಗಿ ಅಲ್ಲಿಯೇ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಫೋನ್ ಮಾಡಿದೆ. "ಯಾವ ಪತ್ರ? ನಿಮ್ಮ ಅವ್ವನ ಪತ್ರ? ಅಯ್ಯ, ಒಂದ ಟ್ರಂಕ ಅದಾವು," ಎಂದಳು. ಎರಡು ವಾರಕ್ಕೆ ಸೀರೆಯ ಹಳೆಯ ಡಬ್ಬಿಯೊಂದು ಪಾರ್ಸಲ್ಲಿನಲ್ಲಿ ಬಂತು. ಒಳಗೆ ದಾರ ಕಟ್ಟಿದ ಕಾಗದದ ಕಟ್ಟುಗಳು.

ಪತ್ರಗಳು ಕನ್ನಡದಲ್ಲಿದ್ದವು, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ. ಆಫೀಸಿನ ಮಷೀನಿನಲ್ಲಿ ಹೊಡೆದವು. ಯಾಕೆ ಹೀಗೆ ಎಂದು ಕೇಳಿದಾಗ ಅವ್ವ ಹೇಳಿದಳು: ಮನೆಯಲ್ಲಿ ಬರೆಯಲು ಪುರುಸೊತ್ತಿರಲಿಲ್ಲ, ಊಟದ ಅರ್ಧ ಗಂಟೆಯೇ ಗತಿ. ಆ ಅರ್ಧ ಗಂಟೆಯಲ್ಲಿ ಪೆನ್ನು ಹಿಡಿದು ಕನ್ನಡ ಬರೆದರೆ ಹೆಡ್‌ಕ್ಲರ್ಕಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಟಕಟಕ ಸದ್ದು ಬರುತ್ತಿದ್ದರೆ ಆಫೀಸಿನ ಕೆಲಸವೇ ನಡೆದಿದೆ ಎಂದುಕೊಳ್ಳುತ್ತಿದ್ದ. "ಒಮ್ಮೆ ಬಂದು ಹಿಂದ ನಿಂತ. ಓದಿದ. ಇದು ಯಾವ ಭಾಷಾ ಅಂದ. ಟೆಂಡರ್ ಕೋಡ್ ಸರ್ ಅಂದೆ. ಹೋದ." ಹೇಳಿ ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ನನ್ನ ಅವ್ವ ಹೀಗೆ ಸುಳ್ಳು ಹೇಳಬಲ್ಲಳೆಂದು ನನಗೆ ಗೊತ್ತಿರಲಿಲ್ಲ.

ನಾನು ಪತ್ರಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡತೊಡಗಿದೆ. ಅವ್ವ ಹೇಳಿದ್ದೆಲ್ಲ ಅಲ್ಲಿತ್ತು. ಎ ಎಲ್ಲೆಡೆ ಬಿಳಿಚಿಕೊಂಡಿತ್ತು. ಎನ್ ಮತ್ತು ಎಂ ದಪ್ಪಗೆ ಕೂತಿದ್ದವು. ಓ ಅಕ್ಷರವಂತೂ ತೆಳ್ಳನೆಯ ಕಾಗದವನ್ನು ಕತ್ತರಿಸಿ ಬೆಳಕು ಬಿಡುತ್ತಿತ್ತು. ಕನ್ನಡದ ಳ, ಣ, ಟ, ಡಗಳಿಗೆ ಅವಳು ದೊಡ್ಡಕ್ಷರ ಬಳಸಿದ್ದಳು. ಅವಸರದಲ್ಲಿ ಶಿಫ್ಟ್ ಪೂರ್ತಿ ಒತ್ತಿರಲಿಲ್ಲ. ಹೀಗಾಗಿ ಮಳೆ ಎಂದು ಬರೆದರೂ, ಹಳ್ಳ ಎಂದು ಬರೆದರೂ, ಧಾರವಾಡ ಎಂದು ಬರೆದರೂ ನಡುವಿನ ಒಂದೆರಡು ಅಕ್ಷರ ಸಾಲಿನಿಂದ ಮೇಲೆದ್ದು ನಿಂತಿರುತ್ತಿದ್ದವು.

ಮೊದಮೊದಲು ನಾನು ಅಕ್ಷರಗಳನ್ನಷ್ಟೇ ನೋಡಿದೆ. ಒಳ್ಳೆಯ ಕೆ ಯಾವುದು, ಬಾಲ ಮುರಿದ ವೈ ಯಾವುದು ಎಂದು ಗುರುತು ಹಾಕಿಕೊಳ್ಳುತ್ತಿದ್ದೆ. ಆದರೆ ನೂರು ಪುಟ ನೋಡಿದ ಮೇಲೆ ಓದದೇ ಇರುವುದು ಆಗುವುದಿಲ್ಲ. ಅವ್ವ ತಂಗಿಗೆ ಎಲ್ಲವನ್ನೂ ಬರೆದಿದ್ದಳು. ಬೇಳೆಗೆ ಸಕ್ಕರೆ ಹಾಕುವ ನೆರೆಮನೆಯವರು, ಜೋಳದ ಹಿಟ್ಟು ಸಿಗದ ಊರು, ಟ್ರಾಮಿನಲ್ಲಿ ನಿದ್ದೆ ಹೋಗಿ ಕೊನೆಯ ನಿಲ್ದಾಣದ ತನಕ ಹೋದದ್ದು. "ಇಲ್ಲಿ ಗಾಳಿಗೆ ಮಣ್ಣಿನ ವಾಸನಿನ ಇಲ್ಲ. ನಮ್ಮಲ್ಲಿ ಮೊದಲ ಮಳಿ ಆದಾಗ ಕರಿ ಮಣ್ಣಿಂದು ಬರ್ತಿತ್ತಲ್ಲ, ಅದನ್ನ ನೆನಸಿಕೊಂಡು ಮೂಗು ಏರಿಸ್ತೀನಿ, ಮೀನಿನ ವಾಸನಿ ಬರ್ತೈತಿ." ಮಗಳು, ಅಂದರೆ ನಾನು, ಬಂಗಾಳಿಯಲ್ಲಿ ಕನಸು ಕಂಡು ಬಡಬಡಿಸಿದ್ದು. "ನಿದ್ದ್ಯಾಗ ಮಾತಾಡಿತು, ನನಗ ತಿಳೀಲಿಲ್ಲ" ಎಂದಷ್ಟೇ ಅದರ ಬಗ್ಗೆ ಬರೆದಿದ್ದಳು.

ಮೂರನೆಯ ಕಟ್ಟಿನಲ್ಲಿ ಒಂದು ಸಣ್ಣ ಪತ್ರವಿತ್ತು. ಅರ್ಧ ಹಾಳೆಯೂ ಇಲ್ಲ.

"ಟ್ರಾನ್ಸ್‌ಫರ್ ಆರ್ಡರ್ ಬಂದೈತಿ. ಹುಬ್ಬಳ್ಳಿ. ಮೂರು ಸಲ ಓದಿದೆ. ನಿನ್ನೆ ಮನೀಗೆ ಹೋಗಿ ಕೂಸಿನ್ನ ಕೇಳಿದೆ. ಅಲ್ಲೇನೈತಿ ಅಂತು. ಅಲ್ಲಿ ನಿಮ್ಮ ಚಿಗವ್ವ ಅದಾಳ ಅಂತ ಹೇಳಬೇಕಿತ್ತು, ಬಾಯಿಗೆ ಬರಲಿಲ್ಲ. ನಾಳೆ ಬ್ಯಾಡಂತ ಬರದು ಕೊಡ್ತೀನಿ. ಆ ಪತ್ರಾನೂ ನಾನ ಟೈಪ್ ಮಾಡಬೇಕು."

ನನಗೆ ನೆನಪಿತ್ತು. ಓದುವ ತನಕ ಇರಲಿಲ್ಲ, ಓದಿದ ಕೂಡಲೇ ಬಂತು. ಹದಿನಾಲ್ಕು ವರ್ಷ ನನಗೆ. ಓಣಿಯ ಸರಸ್ವತಿ ಪೂಜೆಗೆ ಗೆಳತಿಯರ ಜೊತೆ ಆಲ್ಪನಾ ರಂಗೋಲಿ ಬಿಡಿಸಬೇಕಿತ್ತು. ನೆಲದ ಮೇಲೆ ಕೂತು ಅಕ್ಕಿಹಿಟ್ಟಿನಲ್ಲಿ ಹಂಸದ ಕುತ್ತಿಗೆ ಅಭ್ಯಾಸ ಮಾಡುತ್ತಿದ್ದೆ. ಅವ್ವ ಆಫೀಸಿನಿಂದ ಬಂದವಳು ಸೀರೆ ಬದಲಾಯಿಸದೇ ಬಾಗಿಲಲ್ಲಿ ನಿಂತು, "ನಿನಗ ಹುಬ್ಬಳ್ಯಾಗ ಇರಾಕ ಆದೀತೇನು?" ಎಂದು ಕೇಳಿದಳು. ನಾನು ತಲೆಯೆತ್ತಲಿಲ್ಲ. "ಅಲ್ಲೇನೈತಿ?" ಎಂದೆ. ಅವಳು ಒಂದು ಗಳಿಗೆ ನಿಂತು ಒಳಗೆ ಹೋದಳು. ಅಷ್ಟೇ. ಇನ್ನೊಂದು ಸಲ ಕೇಳಲಿಲ್ಲ.

ಆ ಪತ್ರವನ್ನು ನಾನು ಸ್ಕ್ಯಾನ್ ಮಾಡಲಿಲ್ಲ. ಉಳಿದವುಗಳ ಕೆಳಗಿಟ್ಟೆ. ಅವ್ವ ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತಿದ್ದಳು. ಎದ್ದು ಹೋಗಿ ಕೇಳಬಹುದಿತ್ತು. ಕೇಳುವ ಧೈರ್ಯ ಆಗಲಿಲ್ಲ.

ಕೆಲಸ ಮುಂದುವರಿಸಿದೆ. ಎರಡು ತಿಂಗಳಲ್ಲಿ ಅಕ್ಷರಗಳೆಲ್ಲ ಕೂಡಿಬಂದವು, ನಾಲ್ಕನ್ನು ಬಿಟ್ಟು. ಕ್ಯೂ, ಡಬ್ಲ್ಯೂ, ಎಕ್ಸ್, ಝಡ್. ಕನ್ನಡ ಬರೆಯಲು ಇವು ಬೇಕಾಗಿರಲೇ ಇಲ್ಲ. ಸಾವಿರಾರು ಸಾಲುಗಳಲ್ಲಿ ಒಂದು ಸಲವೂ ಅವ್ವ ಅವನ್ನು ಮುಟ್ಟಿರಲಿಲ್ಲ. ಬೇರೆ ಯಾವುದಾದರೂ ಹಳೆಯ ಕಾಗದದಿಂದ ಎತ್ತಿಕೊಳ್ಳಬಹುದಿತ್ತು. ಆದರೆ ಅವು ಬೇರೆಯವರ ಬೆರಳಿನವಾಗುತ್ತಿದ್ದವು.

"ಹೊಡದು ಕೊಡ್ತೀಯೇನು?" ಎಂದು ಕೇಳಿದೆ.

ಅವಳು ತನ್ನ ಎಡಗೈಯನ್ನು ಮುಂದೆ ಚಾಚಿದಳು. ಸಂಧಿವಾತದಿಂದ ಉಂಗುರದ ಬೆರಳು, ಕಿರುಬೆರಳು ಎರಡೂ ಒಳಕ್ಕೆ ಬಾಗಿದ್ದವು. "ಆ ನಾಕೂ ಇವ ಎರಡು ಬಟ್ಟಿನವು," ಎಂದಳು. ಆಮೇಲೆ, "ಮಷೀನ್ ಎಲ್ಲೈತಿ?" ಎಂದಳು. ಮನಸ್ಸಿತ್ತು ಎಂದು ಅದರಿಂದ ಗೊತ್ತಾಯಿತು.

ಹೈಕೋರ್ಟಿನ ಸುತ್ತಲಿನ ಫುಟ್‌ಪಾತಿನಲ್ಲಿ ಈಗಲೂ ಕೆಲವರು ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ, ಅಫಿಡವಿಟ್ ಹೊಡೆದುಕೊಡುತ್ತಾರೆ. ಡಿಸೆಂಬರಿನ ಒಂದು ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಅವ್ವನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ನೀಲಿ ತಾಡಪತ್ರಿಯ ಕೆಳಗೆ ಕೂತಿದ್ದ, ಮಂಕಿಕ್ಯಾಪ್ ಹಾಕಿಕೊಂಡಿದ್ದ ಒಬ್ಬ ಮುದುಕನಿಗೆ ವಿಷಯ ಹೇಳಿದೆ. ಅವನಿಗೆ ಫಾಂಟ್ ಅಂದರೇನೆಂದು ತಿಳಿಯಲಿಲ್ಲ, ಆದರೆ ಅವ್ವ ಇಪ್ಪತ್ತೇಳು ವರ್ಷ ಟೈಪಿಸ್ಟ್ ಆಗಿದ್ದಳು ಎಂಬುದು ತಿಳಿಯಿತು. ಎದ್ದು ನಿಂತು ತನ್ನ ಸ್ಟೂಲನ್ನು ಟವೆಲಿನಿಂದ ಒರೆಸಿ, "ಬೋಶುನ್ ದೀದಿ, ಬೋಶುನ್," ಎಂದು ಕೂರಿಸಿದ. ಒಳ್ಳೆಯ ಕಾಗದವೊಂದನ್ನು ತಾನೇ ಸುತ್ತಿ ಕೊಟ್ಟ.

ಅವ್ವ ಮೊದಲು ಕೈಗಳನ್ನು ಉಜ್ಜಿಕೊಂಡಳು. ಬೆರಳುಗಳನ್ನು ಕೀಲಿಗಳ ಮೇಲೆ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಬಳಿಕ ಕ್ಲಾಸಿನಲ್ಲಿ ಮೊದಲ ದಿನ ಕಲಿಸಿದ ಸಾಲನ್ನು ಹೊಡೆದಳು, ಎಡಗೈಯ ನಾಲ್ಕು ಬೆರಳು, ಬಲಗೈಯ ನಾಲ್ಕು ಬೆರಳು. ಎರಡನೆಯ ಸಾಲಿಗೆ ಬೆನ್ನು ನೆಟ್ಟಗಾಯಿತು. ಕಾರುಗಳ ಹಾರ್ನಿನ ನಡುವೆ ಆ ಸದ್ದು ಕೇಳಿ ಪಕ್ಕದ ಟೈಪಿಸ್ಟ್ ಕೂಡ ತಿರುಗಿ ನೋಡಿದ.

"ಹಾತ್ ಆಛೇ," ಎಂದ ಮುದುಕ, ಕೈ ಇನ್ನೂ ಇದೆ ಎಂದು.

ನನಗೆ ಬೇಕಾದ ನಾಲ್ಕು ಅಕ್ಷರಗಳಿಗೆ ಬಂದಾಗ ಮಾತ್ರ ಅವಳಿಗೆ ಕಷ್ಟವಾಯಿತು. ಬಾಗಿದ ಕಿರುಬೆರಳು ಕ್ಯೂ ತನಕ ಏರಲಿಲ್ಲ. "ತೋರಬಟ್ಟಲೆ ಹೊಡಿಯವಾ, ನಡೀತೈತಿ," ಎಂದೆ. "ಅದು ಸುಳ್ಳ ಆಗ್ತೈತಿ," ಎಂದಳು. ಬಲಗೈಯಿಂದ ಎಡಗೈಯ ಮಣಿಕಟ್ಟನ್ನು ಹಿಡಿದು ಎತ್ತಿ, ಬೆರಳನ್ನು ಕೀಲಿಯ ಮೇಲೆ ಬೀಳಿಸಿದಳು. ಹಾಗೆ ಇಪ್ಪತ್ತು ಸಲ ಕ್ಯೂ, ಇಪ್ಪತ್ತು ಸಲ ಝಡ್. ಕಾಗದದ ಮೇಲೆ ಕೆಲವು ಬರೀ ನೆರಳಿನಂತೆ ಬಿದ್ದವು, ಕೆಲವು ಬೀಳಲೇ ಇಲ್ಲ. ಅವಳ ಹಣೆ ಬೆವರಿತ್ತು. ಮುದುಕ ಮಣ್ಣಿನ ಕುಡಿಕೆಯಲ್ಲಿ ಚಹಾ ತರಿಸಿ ಪಕ್ಕದಲ್ಲಿಟ್ಟಿದ್ದು ಆರಿಹೋಯಿತು.

"ಆತು, ಸಾಕವಾ," ಎಂದೆ. ಅವಳು ಏಳಲಿಲ್ಲ. ಕಾಗದವನ್ನು ಇನ್ನೆರಡು ಸಾಲು ಮೇಲೆ ತಿರುಗಿಸಿ, ನಿಧಾನವಾಗಿ ಏನೋ ಹೊಡೆಯತೊಡಗಿದಳು. ಹಿಂದಿನಿಂದ ಬಾಗಿ ಓದಿದೆ. ತಂಗಿಗೆ ಅಕ್ಕನ ಆಶೀರ್ವಾದ. ನಾವು ಇಲ್ಲಿ ಕ್ಷೇಮ. ಅಷ್ಟರಲ್ಲಿ ವಕೀಲನೊಬ್ಬ ಅವಸರದ ಕಾಗದ ಹಿಡಿದು ಬಂದು ಮುದುಕನ ಮುಂದೆ ನಿಂತ. ಅವ್ವ ತಟ್ಟನೆ ಎದ್ದಳು, ಬೇರೆಯವರ ಜಾಗದಲ್ಲಿ ಕೂತವಳ ಹಾಗೆ. ಹಾಳೆಯನ್ನು ಎಳೆದು ನನ್ನ ಕೈಗೆ ಕೊಟ್ಟಳು.

ಟ್ಯಾಕ್ಸಿ ಮೈದಾನದ ಪಕ್ಕದಲ್ಲಿ ಹೋಗುತ್ತಿದ್ದಾಗ, "ಆಕಿನ್ನ ನೋಡಬೇಕವಾ," ಎಂದಳು. "ಏಳು ವರ್ಷ ಆತು. ಫೋನಿನ್ಯಾಗ ದಿನಾ ಮಾತಾಡ್ತೀನಿ, ಆದ್ರ ಮಾರಿ ಮರತಂಗ ಆಗೈತಿ."

ಜನವರಿಯಲ್ಲಿ ಹೊರಟೆವು. ಹೌರಾದಿಂದ ಧಾರವಾಡಕ್ಕೆ ಎರಡು ದಿನದ ದಾರಿ. ವಿಮಾನದಲ್ಲಿ ಹೋಗೋಣ ಎಂದರೆ ಅವ್ವ ಕೇಳಲಿಲ್ಲ. ರೈಲ್ವೆಯವಳು ರೈಲಿನಲ್ಲೇ ಹೋಗಬೇಕು ಎಂದು ಹಟ. ಮೊದಲ ದಿನ ನಾನು ಆ ಸಣ್ಣ ಪತ್ರದ ಮಾತೆತ್ತಲಿಲ್ಲ. ಎರಡನೆಯ ದಿನ ಬೆಳಿಗ್ಗೆ, ಆಂಧ್ರದ ಒಣ ಬಯಲು ಕಿಟಕಿಯಲ್ಲಿ ಓಡುತ್ತಿದ್ದಾಗ, ಅವ್ವ ಕಿತ್ತಳೆ ಸುಲಿದು ಒಂದು ತೊಳೆ ನನಗೆ ಕೊಟ್ಟಾಗ ಕೇಳಿಬಿಟ್ಟೆ.

"ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಬಂದಿತ್ತಂತ ಯಾಕ ಹೇಳಲಿಲ್ಲವಾ?"

ಅವಳು ಆಶ್ಚರ್ಯಪಡಲಿಲ್ಲ. ಪತ್ರಗಳು ನನ್ನ ಕೈಯಲ್ಲಿವೆ ಎಂದು ಅವಳಿಗೆ ಗೊತ್ತೇ ಇತ್ತು. "ಕೇಳಿದ್ನಲ್ಲ," ಎಂದಳು.

"ಕೇಳಿದಿ. ಆದ್ರ ಆರ್ಡರ್ ಬಂದೈತಿ ಅಂತ ಹೇಳಲಿಲ್ಲ."

"ಹೇಳಿದ್ರ ಏನಂತಿದ್ದಿ?"

ನಾನು ಯೋಚಿಸಿದೆ. "ಅಳ್ತಿದ್ದೆ," ಎಂದೆ.

"ಅದಕ್ಕ."

"ನನ್ನ ಸಲುವಾಗಿ ಬಿಟ್ಟಿ?"

"ಹೂಂ. ನಿನ್ನ ಸಲುವಾಗಿನ ಬಿಟ್ಟೆ. ಈಗ ಸುಳ್ಳ ಯಾಕ ಹೇಳ್ಲಿ?"

"ನನ್ನ ಮ್ಯಾಲೆ ಸಿಟ್ಟ ಬಂದಿತ್ತೇನು?"

ಅವಳು ಇನ್ನೊಂದು ತೊಳೆಯ ನಾರು ತೆಗೆದಳು. "ಬಂದಿತ್ತು. ಒಂದ ಚಳಿಗಾಲ ಪೂರಾ ಇತ್ತು. ನಿನಗ ಒಂದು ಕೆಂಪ ಸ್ವೆಟರ್ ಹಾಕಿದ್ದೆ ನೋಡು, ಅದನ್ನ ಹೆಣಕೋತ ಹೆಣಕೋತ ಸಿಟ್ಟ ಮಾಡ್ತಿದ್ದೆ. ಸ್ವೆಟರ್ ಮುಗೀತು. ನಿನಗ ಬಿಗಿ ಆತು." ಎದುರು ಸೀಟಿನ ಹೆಂಗಸು ನಮ್ಮನ್ನೇ ನೋಡುತ್ತಿದ್ದಳು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅವ್ವ ನನ್ನ ಮೊಣಕಾಲು ತಟ್ಟಿ, "ತಿನ್ನು, ಸೀ ಐತಿ," ಎಂದು ಆ ತೊಳೆಯನ್ನೂ ನನಗೇ ಕೊಟ್ಟಳು.

ಧಾರವಾಡದ ಪ್ಲಾಟ್‌ಫಾರ್ಮಿನಲ್ಲಿ ಚಿಗವ್ವ ಕೊಡೆ ಊರಿಕೊಂಡು ನಿಂತಿದ್ದಳು. ಅಕ್ಕತಂಗಿಯರು ಅಪ್ಪಿಕೊಳ್ಳಲಿಲ್ಲ, ಅಳಲೂ ಇಲ್ಲ. "ಎಷ್ಟ ಸಣ್ಣಾಗಿ," ಎಂದಳು ಒಬ್ಬಳು. "ನೀ ಏನ ದಪ್ಪಾಗಿ?" ಎಂದಳು ಇನ್ನೊಬ್ಬಳು. ಆಟೋದಲ್ಲಿ ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರೂ ಯಾರದ್ದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಹದಿನೈದು ದಿನಕ್ಕೆಂದು ಬಂದಿದ್ದೆವು. ನಾನು ಮಧ್ಯಾಹ್ನಗಳಲ್ಲಿ ಲ್ಯಾಪ್‌ಟಾಪ್ ತೆಗೆದುಕೊಂಡು ಒಳಗಿನ ಕೋಣೆಯಲ್ಲಿ ಫಾಂಟಿನ ಕೊನೆಯ ಕೆಲಸ ಮಾಡುತ್ತಿದ್ದೆ. ಹೊರಗೆ ಪಡಸಾಲೆಯಲ್ಲಿ ಅವರಿಬ್ಬರ ದನಿ. ಕೋಲ್ಕತ್ತದ ಮನೆಯಲ್ಲಿ ಅವ್ವ ಹೆಚ್ಚು ಮಾತಾಡುತ್ತಿರಲಿಲ್ಲ. ಅವಳ ಸ್ವಭಾವವೇ ಹಾಗೆ ಎಂದುಕೊಂಡಿದ್ದೆ. ಇಲ್ಲಿ ಅವಳು ಎದುರು ಮನೆಯವರೊಡನೆ ಮಾತಾಡಿದಳು, ಕಾಯಿಪಲ್ಲೆಯವಳೊಡನೆ ಜಗಳವಾಡಿ ಗೆದ್ದಳು, ಹಾದಿಯಲ್ಲಿ ಹೋಗುವ ಪರಿಚಯವಿಲ್ಲದ ಹೆಂಗಸನ್ನು ನಿಲ್ಲಿಸಿ ಅವಳ ಊರು, ತವರು ಕೇಳಿದಳು. ನನ್ನ ಅವ್ವ ಇಷ್ಟು ವರ್ಷ ಈ ಮಾತುಗಳನ್ನೆಲ್ಲ ಎಲ್ಲಿಟ್ಟುಕೊಂಡಿದ್ದಳೋ ಎಂದು ಕಿಟಕಿಯಲ್ಲಿ ನಿಂತು ನೋಡಿದೆ.

ಹೊರಡುವ ಹಿಂದಿನ ದಿನ ಬೆಳಿಗ್ಗೆ ನಾನು ಅವಳ ಸೀರೆಗಳನ್ನು ಮಡಚಿ ಬ್ಯಾಗಿಗೆ ಹಾಕುತ್ತಿದ್ದೆ. ಅವ್ವ ಬಂದು ಮಂಚದ ಅಂಚಿಗೆ ಕೂತು, ಮಡಚಿದ ಸೀರೆಯೊಂದನ್ನು ಬ್ಯಾಗಿನಿಂದ ಹೊರತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ನೀ ಹೋಗವಾ. ನಾ ಇರ್ತೀನಿ."

"ಎಷ್ಟ ದಿನ?"

"ಹೆಂಗ ಹೇಳ್ಲಿ ಎಷ್ಟ ದಿನ ಅಂತ."

ಡಾಕ್ಟರು, ಮೊಣಕಾಲು, ಔಷಧಿ ಎಂದೆ. ಧಾರವಾಡದಲ್ಲಿಯೂ ಡಾಕ್ಟರಿದ್ದಾರೆ ಎಂದು ಅಡುಗೆಮನೆಯಿಂದ ಚಿಗವ್ವ ಹೇಳಿದಳು. ಅವಳು ರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಸದ್ದು ನಿಂತಿತ್ತು, ನಾವೇನು ಮಾತಾಡುತ್ತೇವೆ ಎಂದು ಕೇಳಿಸಿಕೊಳ್ಳುತ್ತಿದ್ದಳು.

"ನೀನೂ ಬಾ," ಎಂದಳು ಅವ್ವ. "ಆ ಕಂಪ್ಯೂಟರ್ ಇಲ್ಲೇ ಇಟ್ಕೊಂಡು ಮಾಡು. ಇಲ್ಲಿ ಇರಾಕ ಆಗೂದಿಲ್ಲೇನು ನಿನಗ?"

ಹದಿನಾಲ್ಕರ ವಯಸ್ಸಿನಲ್ಲಿ ಇದಕ್ಕೆ ನನ್ನ ಬಳಿ ತಟ್ಟನೆ ಉತ್ತರವಿತ್ತು. ಈ ಸಲ ಇರಲಿಲ್ಲ. ನನ್ನ ಕೆಲಸ ಆ ಊರಿನದು, ಗೆಳತಿಯರು ಅಲ್ಲಿಯವರು, ನಾನು ಕನಸು ಕಾಣುವ ಭಾಷೆಯೂ ಅಲ್ಲಿಯದೇ. ಅದು ಅವ್ವನಿಗೂ ಗೊತ್ತಿತ್ತು. ನಾನು ಸೀರೆ ಮಡಚುವುದನ್ನು ಬಿಟ್ಟು ಅವಳ ಪಕ್ಕದಲ್ಲಿ ಕೂತೆ. ಅವಳು ಮತ್ತೆ ಕೇಳಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ಮತ್ತೆ ಶುರುವಾಯಿತು.

ನಾನು ಒಬ್ಬಳೇ ಹಿಂದಿರುಗಿದೆ. ಅವಳ ಹೆಸರಿನ ಬರ್ತ್ ಅನ್ನು ಟಿಕೆಟ್ ಪರೀಕ್ಷಕ ಬಳ್ಳಾರಿಯಲ್ಲಿ ಒಬ್ಬ ವಿದ್ಯಾರ್ಥಿನಿಗೆ ಕೊಟ್ಟ. ಅವಳು ದಾರಿಯುದ್ದಕ್ಕೂ ಕಿವಿಗೆ ಹಾಡು ಹಾಕಿಕೊಂಡು ಮಲಗಿದ್ದಳು.

ಫಾಂಟ್ ಮಾರ್ಚಿನಲ್ಲಿ ಮುಗಿಯಿತು. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಇಟ್ಟೆ. ಮೊದಲು ಒಂದು ನಾಟಕದ ತಂಡ ಭಿತ್ತಿಪತ್ರಕ್ಕೆ ಬಳಸಿತು. ಆಮೇಲೆ ಒಂದು ಚಹಾದ ಪೊಟ್ಟಣ, ಪೂಜೆಯ ಸ್ಮರಣ ಸಂಚಿಕೆಯ ಮುಖಪುಟ, ಯಾರದೋ ಮದುವೆ. ಕೆಫೆಯವಳು ಮೆನು ಬದಲಾಯಿಸಲು ಕರೆದಾಗ ಅವಳಿಗೂ ಅದನ್ನೇ ಹಾಕಿಕೊಟ್ಟೆ. "ಮುಂಚಿನದಕ್ಕಿಂತ ಇದು ಸ್ವಲ್ಪ ಮಂಕು ಅಲ್ಲವೇ ದೀದಿ?" ಎಂದಳು. "ಹೌದು," ಎಂದೆ. ಬೇಡ ಅನ್ನಲಿಲ್ಲ ಅವಳು.

ಒಂದು ದಿನ ಮೆಟ್ರೋ ನಿಲ್ದಾಣದಲ್ಲಿ ಮೆಟ್ಟಿಲಿಳಿಯುತ್ತಿದ್ದಾಗ ಗೋಡೆಯ ಮೇಲೆ ಆಳೆತ್ತರದ ಜಾಹೀರಾತು ಕಂಡಿತು. ಯಾವುದೋ ಹೊಸ ಪತ್ತೇದಾರಿ ಸರಣಿಯದು. ರಕ್ತದ ಕಲೆ, ಟೋಪಿ ಹಾಕಿಕೊಂಡ ಗಂಡಸು, ಅವನ ಕೆಳಗೆ ನನ್ನ ಕೈಯಗಲದ ಅಕ್ಷರಗಳು. ಕಾಗದ ತೂತಾದ ಓ ಕಂಡಿತು. ಅದು ಯಾವ ಪತ್ರದಿಂದ ಬಂದದ್ದೆಂದು ನನಗೆ ಗೊತ್ತಿತ್ತು. ಟ್ರಾಮಿನಲ್ಲಿ ನಿದ್ದೆ ಹೋದ ದಿನದ ಪತ್ರ. ಹಿಂದಿನಿಂದ ಜನ ತಳ್ಳುತ್ತಿದ್ದರು, "ಏಗಿಯೇ ಜಾನ್, ಏಗಿಯೇ ಜಾನ್" ಎನ್ನುತ್ತಿದ್ದರು. ಮುಂದೆ ಹೋದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಎರಡು ಗಾಡಿ ಬಿಟ್ಟೆ. ಮನೆಗೆ ಹೋದರೆ ಹೇಳಲು ಯಾರೂ ಇರಲಿಲ್ಲ.

ಶನಿವಾರಗಳಂದು ಲೇಕ್ ಮಾರ್ಕೆಟ್ಟಿಗೆ ಹೋಗುತ್ತೇನೆ. ನಮಗೆ ಕಾಫಿಪುಡಿ, ಹುಣಸೆ, ಉದ್ದಿನಬೇಳೆ ಕೊಡುವ ತಮಿಳು ಅಂಗಡಿಯವರು ಮೊನ್ನೆ ಕಾಫಿಪುಡಿ ತೂಗುತ್ತಾ, "ಅಮ್ಮ ಎಲ್ಲಿ? ಬಹಳ ದಿನವಾಯಿತು ಬಂದು," ಎಂದರು.

"ಊರಿಗೆ ಹೋಗಿದ್ದಾರೆ."

"ಯಾವಾಗ ಬರ್ತಾರೆ?"

ಗೊತ್ತಿಲ್ಲ ಎಂದೆ. ಅವರು ಯಾವಾಗಿನ ಹಾಗೆ ಅರ್ಧ ಕಿಲೋ ಕಟ್ಟಿಬಿಟ್ಟಿದ್ದರು. ಒಬ್ಬಳಿಗೆ ಅಷ್ಟು ಬೇಡ ಎಂದು ಹೇಳಲು ಮನಸ್ಸಾಗಲಿಲ್ಲ, ಅಷ್ಟನ್ನೂ ತಂದೆ.

ಅವ್ವ ಸಂಜೆ ಆರಕ್ಕೆ ಫೋನ್ ಮಾಡುತ್ತಾಳೆ. ಅವತ್ತು ಅಲ್ಲಿ ಮೊದಲ ಮಳೆಯಾಗಿತ್ತು. ಚಿಗವ್ವ ಒಣಗಹಾಕಿದ ಸಂಡಿಗೆ ತೆಗೆಯಲು ಓಡಿದ್ದು, ಬುಟ್ಟಿ ಬೋರಲು ಬಿದ್ದದ್ದು, ಎದುರು ಮನೆಯ ನಾಯಿ ಅದನ್ನು ತಿಂದದ್ದು, ಎಲ್ಲವನ್ನೂ ಹೇಳಿದಳು. ದನಿಯ ಹಿಂದೆ ಹಂಚಿನಿಂದ ನೀರು ಬೀಳುವುದು ಕೇಳುತ್ತಿತ್ತು.

"ಏನ ಅಡಗಿ ಮಾಡಿ?" ಎಂದು ಕೇಳಿದಳು.

"ಅನ್ನ, ಸಾರು."

"ಬರೇ ಅನ್ನ ಸಾರ?"

"ಒಬ್ಬಾಕಿಗೆ ಸಾಕಲ್ಲವಾ."

ಇಬ್ಬರೂ ಫೋನ್ ಇಡಲಿಲ್ಲ, ಅಲ್ಲಿನ ಮಳೆ ಸ್ವಲ್ಪ ಹೊತ್ತು ಹಾಗೇ ಕೇಳುತ್ತಿತ್ತು.